ಅವ್ವ ಬಸ್ಸು ಹತ್ತಲು ಯಾಕೆ ಹಿಂಜರೀತಾಳೆ?

ಹಾಸನ: 2023ರ ಜೂನ್ 11ರಿಂದ ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಗೆ ಕಾಸಿಲ್ಲ. ಹೊಳೆನರಸೀಪುರದಿಂದ, ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಬಸ್ಸುಗಳಲ್ಲಿ ಗಂಡಸರಿಗೆ ನಿಲ್ಲೋದಕ್ಕೂ ಜಾಗ ಇಲ್ಲ ಎಂಬ ಗೊಣಗಾಟ ದಿನಾ ಕಿವಿಗೆ ಬೀಳುತ್ತದೆ. ಇರಲಿ. ಆದರೆ ಕಾಸಿಲ್ಲದ ಬಸ್ಸು ಮನೆ ಮುಂದೆಯೇ ನಿಂತರೂ ಹತ್ತದ ಹೆಂಗಸರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಮಾತು ಯಾರೂ ಎತ್ತುತ್ತಿಲ್ಲ.

"ನಂಗಾಗಲ್ಲ ಮಗ, ನೀವೇ ಹೋಗ್ಬನ್ನಿ" ಅಂತಾಳೆ ಅವ್ವ. ಮೊಮ್ಮಗಳ ಮದುವೆಗೆ ಕರೆದರೂ ಅದೇ ಉತ್ತರ, ಶ್ರವಣಬೆಳಗೊಳಕ್ಕೆ ಕರೆದರೂ ಅದೇ ಉತ್ತರ. ಮಂಡಿನೋವು ಅಂದುಕೊಂಡು ಮಗ ಸುಮ್ಮನಾಗುತ್ತಾನೆ. ಸೊಸೆಗೆ ಅರ್ಧ ಗೊತ್ತು, ಆದರೆ ಹೇಳೋದಿಲ್ಲ. ಮಂಡಿನೋವು ಇದ್ದರೂ ಇರಬಹುದು. ಆದರೆ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಬೇರೆ. ಗಂಟೆಗಟ್ಟಲೆ ನಿಂತರೆ ಒಳಗಿನದು ಕೆಳಗೆ ಜಾರಿ ಬರುತ್ತದೆ. ಬಸ್ಸು ಹಂಪಿಗೆ ಎಗರಿದರೆ, ಒಂದು ಸಲ ಕೆಮ್ಮಿದರೆ ಮೂತ್ರ ಸೀರೆಗೇ ಆಗುತ್ತದೆ. ಇದನ್ನು ಯಾರ ಹತ್ತಿರ ಹೇಳೋದು?

ಇದಕ್ಕೆ ಗರ್ಭಕೋಶ ಜಾರುವುದು ಎಂದು ಹೆಸರು. "ಮೈ ಹೊರಗೆ ಬರ್ತದೆ", "ಕೆಳಗೆ ಜಾರದೆ" ಎಂದು ನಮ್ಮ ಕಡೆಯ ಹೆಂಗಸರು ಪಿಸುಗುಟ್ಟುವುದು ಇದನ್ನೇ. ಈ ಪಿಸುಮಾತನ್ನು ಇವತ್ತು ಗಟ್ಟಿಯಾಗಿ ಹೇಳಬೇಕಾಗಿದೆ. ಯಾಕೆಂದರೆ ಇದಕ್ಕೆ ಔಷಧೋಪಚಾರ ಇದೆ, ಹೊಟ್ಟೆ ಕೊಯ್ಯದೆ ಮಾಡುವ ಆಪರೇಷನ್ ಇದೆ, ಅದೂ ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿ ಇದೆ.

ಗೋಣಿಚೀಲದ ತಳದ ಹೊಲಿಗೆ

ಆಲೂಗೆಡ್ಡೆ ಮಂಡಿಯವರಿಗೆ ಈ ಕಾಯಿಲೆಯನ್ನು ವಿವರಿಸುವುದು ಬಹಳ ಸುಲಭ. ಗೋಣಿಚೀಲಕ್ಕೆ ಗೆಡ್ಡೆ ತುಂಬುತ್ತೀರಿ. ಚೀಲದ ತಳದ ಹೊಲಿಗೆ ಗಟ್ಟಿಯಿದ್ದರೆ ಎಷ್ಟು ಸಲ ಎತ್ತಿ ಇಳಿಸಿದರೂ ಚಿಂತೆಯಿಲ್ಲ. ಅದೇ ಹೊಲಿಗೆ ಸಡಿಲವಾಯಿತೋ, ಗೆಡ್ಡೆ ಒಂದೊಂದಾಗಿ ಕೆಳಗೆ ಇಣುಕುತ್ತದೆ.

ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಮೂರು ಅಂಗಗಳು ಒಂದರ ಪಕ್ಕ ಒಂದು ಕೂತಿವೆ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲಕರುಳು. ಇವುಗಳ ತಳದಲ್ಲಿ ಮಾಂಸಖಂಡಗಳ ಒಂದು ಹಾಸು ಇದೆ. ಗರ್ಭಕೋಶವನ್ನು ಹಿಂದಕ್ಕೂ ಪಕ್ಕಕ್ಕೂ ಹಗ್ಗದಂತೆ ಬಿಗಿದಿಟ್ಟ ಕಟ್ಟುಗಳಿವೆ. ಹಾಸು ಸಡಿಲಿ, ಕಟ್ಟು ಜಗ್ಗಿತೆಂದರೆ ಮೇಲಿನದು ಕೆಳಗೆ ಬರಲೇಬೇಕು. ಕೆಲವರಿಗೆ ಗರ್ಭಕೋಶವೇ ಜಾರುತ್ತದೆ. ಕೆಲವರಿಗೆ ಮುಂದಿನ ಗೋಡೆ ಸಡಿಲವಾಗಿ ಮೂತ್ರಕೋಶ ಜೋತು ಬೀಳುತ್ತದೆ. ಇನ್ನು ಕೆಲವರಿಗೆ ಹಿಂದಿನ ಗೋಡೆಯಿಂದ ಮಲಕರುಳು ಉಬ್ಬುತ್ತದೆ. ಮೂರೂ ಒಟ್ಟಿಗೆ ಆಗುವುದೂ ಉಂಟು.

ಡಾಕ್ಟರುಗಳು ಇದನ್ನು ನಾಲ್ಕು ಹಂತಗಳಾಗಿ ಅಳೆಯುತ್ತಾರೆ. ಮೊದಲ ಹಂತದಲ್ಲಿ ಎಷ್ಟೋ ಜನಕ್ಕೆ ತಮಗೆ ಇದು ಇದೆ ಎಂದೇ ಗೊತ್ತಿರುವುದಿಲ್ಲ. ನಾಲ್ಕನೆಯದರಲ್ಲಿ ಪೂರ್ತಿ ಹೊರಗೆ ಬಂದಿರುತ್ತದೆ.

ಗುರುತು ಹೇಗೆ? ಕೆಳಗೆ ಏನೋ ತುಂಬಿದ ಹಾಗೆ, ಭಾರ ಜಗ್ಗಿದ ಹಾಗೆ ಅನಿಸುತ್ತದೆ. ಬೆಳಿಗ್ಗೆ ಪರವಾಗಿಲ್ಲ, ಸಾಯಂಕಾಲಕ್ಕೆ ಜಾಸ್ತಿ. ಮಲಗಿದರೆ ಹಾಯೆನಿಸುತ್ತದೆ. ಸೊಂಟದ ಕೆಳಗೆ ಎಳೆತ. ಕೆಮ್ಮಿದರೆ, ಸೀನಿದರೆ ಮೂತ್ರ ಹನಿಯುತ್ತದೆ. ಇಲ್ಲವೇ ತದ್ವಿರುದ್ಧವಾಗಿ, ಎಷ್ಟು ಹೊತ್ತು ಕೂತರೂ ಸಲೀಸಾಗಿ ಆಗೋದೇ ಇಲ್ಲ, ಕೈಯಿಂದ ಒಳಗೆ ತಳ್ಳಿದ ಮೇಲೇ ಆಗುತ್ತದೆ. ಮಲವಿಸರ್ಜನೆಗೂ ಇದೇ ಪಾಡು. ಹೊರಗೆ ಬಂದ ಭಾಗ ಬಟ್ಟೆಗೆ ತಿಕ್ಕಿ ತಿಕ್ಕಿ ಹುಣ್ಣಾಗುವುದೂ ಇದೆ.

ಯಾಕೆ ಹೀಗಾಗುತ್ತದೆ?

ಮೊದಲನೇ ಕಾರಣ ಹೆರಿಗೆ. ಮಗು ಹೊರಗೆ ಬರುವಾಗ ತಳದ ಮಾಂಸಖಂಡ ಎಷ್ಟು ಹಿಗ್ಗಬೇಕೋ ಅಷ್ಟು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಇವತ್ತು ಎಪ್ಪತ್ತು ದಾಟಿರುವ ನಮ್ಮ ಅಜ್ಜಿಯರ ಕಾಲವನ್ನು ನೆನೆಸಿಕೊಳ್ಳಿ. ಹದಿನಾರು ಹದಿನೇಳಕ್ಕೆ ಮದುವೆ. ಐದು, ಆರು, ಏಳು ಹೆರಿಗೆ. ಹೆಚ್ಚಿನವು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಹರಿದಿದ್ದನ್ನು ಹೊಲಿದವರು ಯಾರು? ಮೊದಲ ಬಾಣಂತನ ತವರಲ್ಲಿ ಚೆನ್ನಾಗಿ ಆದೀತು. ನಾಲ್ಕನೆಯದಕ್ಕೆ ತಿಂಗಳು ತುಂಬುವ ಮೊದಲೇ ಗದ್ದೆಗೆ ಇಳಿದವರೆಷ್ಟು ಮಂದಿ!

ಎರಡನೇ ಕಾರಣ ಹೊರೆ. ಅರಕಲಗೂಡು ಕಡೆ ಹೊಗೆಸೊಪ್ಪಿನ ಹೊರೆ, ಶುಂಠಿ ಮೂಟೆ. ಹೊಳೆನರಸೀಪುರದ ನಾಲೆ ಬಯಲಲ್ಲಿ ಬತ್ತದ ಹೊರೆ. ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ರಾಶಿ. ಎಲ್ಲಾ ಕಡೆಯೂ ಹುಲ್ಲಿನ ಹೊರೆ, ಸೌದೆ ಹೊರೆ, ತಲೆ ಮೇಲೊಂದು ಸೊಂಟದಲ್ಲೊಂದು ಬಿಂದಿಗೆ. ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಎಲ್ಲಾ ಆ ತಳದ ಹೊಲಿಗೆ ಮೇಲೇ ಬೀಳುತ್ತದೆ.

ಮೂರನೇದು ಕೆಮ್ಮು. ಹಸಿ ಸೌದೆಯ ಒಲೆ ಮುಂದೆ ನಲವತ್ತು ವರ್ಷ ಕೂತ ಎದೆಗೆ ಕೆಮ್ಮು ಅಂಟದೆ ಇರುತ್ತದೆಯೇ? ಒಂದೊಂದು ಕೆಮ್ಮೂ ತಳಕ್ಕೆ ಒಂದೊಂದು ಗುದ್ದು. ಮಲಬದ್ಧತೆಯಿಂದ ತಿಣುಕುವುದೂ ಅಷ್ಟೇ. ನಾಲ್ಕನೇದು ವಯಸ್ಸು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ, ಆ ಭಾಗದ ಮಾಂಸ ತೆಳ್ಳಗಾಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ. ಹಾಗಾಗಿಯೇ ಮೂವತ್ತರಲ್ಲಿ ಬಿದ್ದ ಪೆಟ್ಟು ಅರವತ್ತರಲ್ಲಿ ಕಾಣಿಸಿಕೊಳ್ಳುತ್ತದೆ.

ಇದು ಬಡವರ ಕಾಯಿಲೆ, ಹಳ್ಳಿಯವರ ಕಾಯಿಲೆ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಅಮೆರಿಕದಲ್ಲಿ 50ರಿಂದ 79 ವರ್ಷದ, ಗರ್ಭಕೋಶ ತೆಗೆಸದ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷಿಸಿದ ವರದಿ 2002ರಲ್ಲಿ ಬಂತು. 100ಕ್ಕೆ 41 ಮಂದಿಯಲ್ಲಿ ಒಂದಲ್ಲ ಒಂದು ಬಗೆಯ ಜಾರಿಕೆ ಇತ್ತು, ಬಹುಪಾಲು ಸಣ್ಣ ಪ್ರಮಾಣದ್ದು. ಅಲ್ಲಿಯದೇ 1997ರ ಇನ್ನೊಂದು ಅಧ್ಯಯನದ ಪ್ರಕಾರ, 80 ವರ್ಷ ತುಂಬುವುದರೊಳಗೆ 100ಕ್ಕೆ 11 ಹೆಂಗಸರಿಗೆ ಇದಕ್ಕೋ, ಮೂತ್ರ ಸೋರಿಕೆಗೋ ಆಪರೇಷನ್ ಆಗುವ ಸಂಭವ ಇದೆ. ನೆರೆಯ ನೇಪಾಳದಲ್ಲಂತೂ ಇದು ಕೋರ್ಟು ಮೆಟ್ಟಿಲೇರಿತು. ಗರ್ಭಕೋಶ ಜಾರಿದ ಹೆಂಗಸರಿಗೆ ಚಿಕಿತ್ಸೆ ಸಿಗುವುದು ಅವರ ಹಕ್ಕಿನ ಪ್ರಶ್ನೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ಕೊಟ್ಟು ಸರ್ಕಾರವನ್ನು ಎಚ್ಚರಿಸಿತು.

ದಾಳಿಂಬೆ ಹೋಳಿನ ಕಾಲದಿಂದ

ಕಾಯಿಲೆ ಹೊಸದಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿ ಇದರ ಪ್ರಸ್ತಾಪ 'ಪ್ರಸ್ರಂಸಿನೀ' ಎಂಬ ಹೆಸರಲ್ಲಿ ಇದೆ. ಗ್ರೀಸ್ ದೇಶದ ಹಳೇ ವೈದ್ಯರು ಜಾರಿದ್ದನ್ನು ಒಳಗೆ ತಳ್ಳಿ ಅರ್ಧ ದಾಳಿಂಬೆ ಹೋಳನ್ನು ಅಡ್ಡ ಇಡುತ್ತಿದ್ದರಂತೆ. ಅಷ್ಟಕ್ಕೂ ಆಗದಿದ್ದರೆ ಏಣಿಗೆ ತಲೆಕೆಳಗಾಗಿ ಕಟ್ಟಿ ಅಲ್ಲಾಡಿಸುತ್ತಿದ್ದರಂತೆ! ನಗು ಬರುತ್ತದೆ. ಆದರೆ ಇವತ್ತಿಗೂ ಬಟ್ಟೆ ಉಂಡೆ ಮಾಡಿ ಒಳಗಿಟ್ಟುಕೊಂಡು, ಲಂಗೋಟಿ ಬಿಗಿದುಕೊಂಡು ಕೆಲಸಕ್ಕೆ ಹೋಗುವ ಹೆಂಗಸರು ಇದ್ದಾರೆ ಎಂದು ನೆನೆದರೆ ನಗು ನಿಂತುಹೋಗುತ್ತದೆ. ಕೊಳೆ ಬಟ್ಟೆಯಿಂದ ನಂಜಾಗುತ್ತದೆ, ಹುಣ್ಣು ಕೀವಾಗುತ್ತದೆ.

ಎಲ್ಲರಿಗೂ ಚಾಕು ಬೇಡ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಗರ್ಭಕೋಶ ಜಾರಿತು ಅಂದರೆ ಕ್ಯಾನ್ಸರ್ ಅಲ್ಲ. ಜಾರಿದ್ದು ಕ್ಯಾನ್ಸರ್ ಆಗಿ ತಿರುಗುತ್ತದೆ ಎಂದು ಹೆದರಿಸುವವರ ಮಾತು ನಂಬಬೇಡಿ. ಆದರೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ಒಂದು ದಿನವೂ ತಡಮಾಡದೆ ಪರೀಕ್ಷೆ ಮಾಡಿಸಲೇಬೇಕು. ಅದು ಬೇರೆಯೇ ವಿಷಯ.

ಮೊದಲ ಹಂತಗಳಲ್ಲಿ ಆಪರೇಷನ್ ಬೇಕಾಗುವುದಿಲ್ಲ. ಕೆಗೆಲ್ ಎಂಬ ಅಮೆರಿಕದ ಡಾಕ್ಟರು 1948ರಲ್ಲಿ ಒಂದು ವ್ಯಾಯಾಮ ಹೇಳಿಕೊಟ್ಟ. ಅದಕ್ಕೆ ಕಾಸು ಬೇಡ, ಜಾಗ ಬೇಡ. ಮೂತ್ರ ಬರುವುದನ್ನು ತಡೆಹಿಡಿಯುವಾಗ ಕೆಳಗಿನ ಮಾಂಸ ಬಿಗಿಯುತ್ತೇವಲ್ಲ, ಹಾಗೆ ಬಿಗಿದು ಐದು ಎಣಿಸುವ ತನಕ ಹಿಡಿದಿಟ್ಟು ಬಿಡುವುದು. ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು. ಮೂತ್ರ ಮಾಡುತ್ತಿರುವಾಗಲೇ ಇದನ್ನು ಮಾಡಬಾರದು. ಮೂರು ತಿಂಗಳಾದರೂ ಬಿಡದೆ ಮಾಡಿದರೆ ಗುಣ ಕಾಣುತ್ತದೆ. ಬಸ್ಸಿಗೆ ಕಾಯುತ್ತಾ ಕೂತಲ್ಲೇ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಹೆರಿಗೆಯಾದ ಸೊಸೆಯಂದಿರಿಗೂ ಇದು ಬೇಕೇ ಬೇಕು.

ಎರಡನೆಯದು ರಿಂಗು. ಬಳೆಯ ಹಾಗಿರುವ ಸಿಲಿಕೋನಿನ ಒಂದು ಉಂಗುರವನ್ನು ಡಾಕ್ಟರು ಅಳತೆ ನೋಡಿ ಒಳಗಿಡುತ್ತಾರೆ. ಗರ್ಭಕೋಶ ಅದರ ಮೇಲೆ ಕೂತುಕೊಳ್ಳುತ್ತದೆ. ಹೃದಯದ ತೊಂದರೆ, ಉಬ್ಬಸ, ಸಕ್ಕರೆ ಕಾಯಿಲೆ ಇದ್ದು ಆಪರೇಷನ್ ತಡೆಯಲಾರದ ಅಜ್ಜಿಯರಿಗೆ ಇದು ದೊಡ್ಡ ಆಸರೆ. ಆದರೆ ಇಟ್ಟು ಮರೆತುಬಿಡುವ ವಸ್ತು ಇದಲ್ಲ. ಡಾಕ್ಟರು ಹೇಳಿದ ತಿಂಗಳಿಗೆ ಸರಿಯಾಗಿ ಹೋಗಿ ತೆಗೆಸಿ, ತೊಳೆಸಿ, ಮತ್ತೆ ಇಡಿಸಬೇಕು. ಮರೆತರೆ ಒಳಗೇ ಹುಣ್ಣಾಗುತ್ತದೆ.

ಇದರ ಜೊತೆಗೆ ಕೆಮ್ಮಿಗೆ ಔಷಧಿ, ಮಲಬದ್ಧತೆಗೆ ಸೊಪ್ಪು ತರಕಾರಿ ಮತ್ತು ಸಾಕಷ್ಟು ನೀರು, ಹೊರೆಗೆ ವಿರಾಮ. ಇಷ್ಟಾದರೂ ನಿಲ್ಲದಿದ್ದರೆ ಆಗ ಆಪರೇಷನ್ನಿನ ಮಾತು.

ಹೊಟ್ಟೆ ಕೊಯ್ಯದೆ ಆಪರೇಷನ್

"ಆಪರೇಷನ್ ಅಂದ್ರೆ ಹೊಟ್ಟೆ ಸೀಳ್ತಾರೆ, ಈ ವಯಸ್ನಲ್ಲಿ ಯಾಕ್ಲಾ ನಂಗೆ?" ಎಂಬುದು ಮುದುಕಿಯರ ಮೊದಲ ಭಯ. ಈ ಭಯಕ್ಕೆ ಕಾರಣವಿಲ್ಲ. ಜಾರಿಕೆಗೆ ಮಾಡುವ ಬಹುಪಾಲು ಆಪರೇಷನ್ನುಗಳು ಕೆಳಗಿನ ದಾರಿಯಿಂದಲೇ, ಯೋನಿಯ ಮೂಲಕವೇ ಆಗುತ್ತವೆ. ಹೊಟ್ಟೆ ಮೇಲೆ ಒಂದು ಗೀರೂ ಬೀಳುವುದಿಲ್ಲ. ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ. ಅಜ್ಜಿ ಎಚ್ಚರವಾಗಿಯೇ ಇರುತ್ತಾಳೆ.

ಇದರಲ್ಲೂ ನಾಲ್ಕಾರು ಬಗೆ. ಗರ್ಭಕೋಶವನ್ನು ಕೆಳಗಿನಿಂದ ತೆಗೆದು, ಸಡಿಲವಾದ ಗೋಡೆಗಳನ್ನು ಹೊಲಿದು, ಜಗ್ಗಿದ ಕಟ್ಟುಗಳನ್ನು ಬಿಗಿಯುವುದು ನಮ್ಮಲ್ಲಿ ಹೆಚ್ಚು ರೂಢಿ. ಗರ್ಭಕೋಶ ಉಳಿಸಿಕೊಂಡು, ಉದ್ದವಾದ ಅದರ ಕೊರಳನ್ನಷ್ಟೇ ಕತ್ತರಿಸಿ ಬಿಗಿಯುವುದು ಇನ್ನೊಂದು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1888ರಲ್ಲೇ ಶುರುವಾದ ಕಾರಣ ಅದಕ್ಕೆ ಆ ಊರಿನ ಹೆಸರೇ ಉಳಿದಿದೆ. ತೀರಾ ವಯಸ್ಸಾದ, ಸಂಸಾರದ ಸುಖದ ಯೋಚನೆ ಮುಗಿದ ಹೆಂಗಸರಿಗೆ ಒಳದಾರಿಯನ್ನೇ ಹೊಲಿದು ಮುಚ್ಚುವ ಚಿಕ್ಕ ಆಪರೇಷನ್ ಇದೆ. 1877ರಲ್ಲಿ ಫ್ರಾನ್ಸಿನ ಲೆ ಫೋರ್ ಹೇಳಿದ್ದು. ಬೇಗ ಮುಗಿಯುತ್ತದೆ, ದೇಹಕ್ಕೆ ದಣಿವು ಕಡಿಮೆ. ಆದರೆ ಒಪ್ಪಿಗೆ ಕೊಡಬೇಕಾದವಳು ಆ ಹೆಂಗಸೇ, ಅವಳ ಮಗನಲ್ಲ.

ನಮ್ಮ ದೇಶದವರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಗೋವಾದಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರು ಮಾಡಿದ ಡಾ. ವಿ.ಎನ್. ಶಿರೋಡ್ಕರ್ (1899-1971) ಗರ್ಭಪಾತ ತಡೆಯುವ ಹೊಲಿಗೆಯಿಂದ ಪ್ರಪಂಚಕ್ಕೇ ಪರಿಚಿತರು. ಜಾರಿದ ಗರ್ಭಕೋಶವನ್ನು ತೆಗೆಯದೆ, ಪಟ್ಟಿಯಿಂದ ಮೇಲಕ್ಕೆ ಕಟ್ಟಿ ನಿಲ್ಲಿಸುವ ಆಪರೇಷನ್ನಿಗೂ ಅವರ ಹೆಸರಿದೆ. ಮಕ್ಕಳು ಬೇಕೆನ್ನುವ ಚಿಕ್ಕ ವಯಸ್ಸಿನವರಿಗೆ ಇಂಥವು ವರದಾನ.

ಇನ್ನು ಬೋರ್ಡುಗಳಲ್ಲಿ ಕಾಣುವ 'ಲ್ಯಾಪರೋಸ್ಕೋಪಿ', ಜನರ ಬಾಯಲ್ಲಿ 'ಹೋಲ್ ಆಪರೇಷನ್'. ಹೊಟ್ಟೆಗೆ ಬೆರಳ ಅಗಲದ ಮೂರು ನಾಲ್ಕು ತೂತು ಮಾಡಿ, ಗಾಳಿ ತುಂಬಿದ ಹಾಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಉಪಕರಣ ಇಳಿಸುತ್ತಾರೆ. ಡಾಕ್ಟರು ಟಿ.ವಿ. ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಸಡಿಲಿದ ಭಾಗಕ್ಕೆ ಜಾಲರಿಯಂಥ ಪಟ್ಟಿ ಹೊಲಿದು ಬೆನ್ನುಮೂಳೆಯ ತಳಕ್ಕೆ ಕಟ್ಟುತ್ತಾರೆ. ಹೊಟ್ಟೆ ತೆರೆದು ಇದನ್ನು ಮಾಡಿದ ವರದಿ 1962ರಲ್ಲಿ, ತೂತಿನ ಮೂಲಕ ಮಾಡಿದ ವರದಿ 1994ರಲ್ಲಿ ಬಂತು. ಮೊದಲೇ ಗರ್ಭಕೋಶ ತೆಗೆಸಿಕೊಂಡು, ಆಮೇಲೆ ಉಳಿದ ಭಾಗ ಜಾರಿದವರಿಗೆ ಇದು ಬಹಳ ಉಪಯೋಗ. ದೊಡ್ಡ ಗಾಯ ಇಲ್ಲದ್ದರಿಂದ ನೋವು ಕಡಿಮೆ, ಬೆಡ್ಡಿನಲ್ಲಿ ಮಲಗುವ ದಿನವೂ ಕಡಿಮೆ.

ಹಾಗಂತ ಹೊಸದೆಲ್ಲಾ ಎಲ್ಲರಿಗೂ ಒಳ್ಳೆಯದು ಅಂತಲ್ಲ. ಲ್ಯಾಪರೋಸ್ಕೋಪಿಗೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕು, ತಲೆ ಕೆಳಗೆ ಮಾಡಿ ಮಲಗಿಸಬೇಕು. ಹೃದಯ, ಪುಪ್ಪುಸ ಬಲಹೀನವಾದ ಮುದುಕಿಗೆ ಇದು ಕಷ್ಟ. ಅಂಥವರಿಗೆ ಕೆಳಗಿನ ದಾರಿಯ ಹಳೇ ಆಪರೇಷನ್ನೇ ಸುರಕ್ಷಿತ ಆಗಬಹುದು. ಕೆಳಗಿನ ದಾರಿಯಿಂದ ಜಾಲರಿ ಇಡುವ ಪದ್ಧತಿಯೊಂದು ಕೆಲವು ವರ್ಷ ಬಹಳ ಜೋರಾಗಿತ್ತು. ಎಷ್ಟೋ ಹೆಂಗಸರಿಗೆ ಜಾಲರಿ ಮಾಂಸ ಕೊರೆದು ಹೊರಬಂದು ನೋವು ಕೊಟ್ಟಿತು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅಂಥ ಜಾಲರಿಗಳ ಮಾರಾಟವನ್ನೇ ನಿಲ್ಲಿಸಿತು. ಆದ್ದರಿಂದ "ಜಾಲರಿ ಇಡ್ತೀರಾ? ಯಾವ ದಾರೀಲಿ ಇಡ್ತೀರಾ? ಇಡದೆ ಆಗಲ್ವಾ?" ಎಂದು ಕೇಳುವುದು ಉದ್ಧಟತನವಲ್ಲ. ಕೇಳಬೇಕು.

ತೆಗೆದು ಹಾಕಿದರೆ ಮುಗಿಯಿತೇ?

"ಮಕ್ಕಳಾಯ್ತು, ಇನ್ನು ಯಾಕೆ ಅದು? ತೆಗೆಸಿ ಬಿಸಾಕಿ" ಎನ್ನುವ ಮಾತು ನಮ್ಮಲ್ಲಿ ಬಹಳ ಅಗ್ಗವಾಗಿದೆ. ಮತ್ತೆ ಗೋಣಿಚೀಲಕ್ಕೇ ಬನ್ನಿ. ಇಣುಕಿದ ಗೆಡ್ಡೆಯನ್ನು ಕಿತ್ತು ಬಿಸಾಕಿದರೆ ಹೊಲಿಗೆ ಸರಿಯಾಯಿತೇ? ಮೇಲಿನ ಗೆಡ್ಡೆ ಇಳಿಯುತ್ತದೆ ಅಷ್ಟೇ. ದಬ್ಬಳ ಹಿಡಿದು ತಳ ಹೊಲಿಯಬೇಕು. ಗರ್ಭಕೋಶ ತೆಗೆದು ತಳದ ಕಟ್ಟು ಬಿಗಿಯದೆ ಬಿಟ್ಟರೆ ನಾಲ್ಕಾರು ವರ್ಷದ ಮೇಲೆ ಉಳಿದದ್ದು ಜಾರುವ ಸಾಧ್ಯತೆ ಇದ್ದೇ ಇದೆ.

ಇನ್ನೊಂದು ಕೆಟ್ಟ ಮುಖವೂ ಇದೆ. ಬೇಡದಿದ್ದರೂ ಗರ್ಭಕೋಶ ತೆಗೆಯುವ ದಂಧೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರಿಗೆ, ಅದೂ ಚಿಕ್ಕ ವಯಸ್ಸಿನವರಿಗೆ, ಬಿಳುಪು ಹೋಗುತ್ತದೆ, ಹೊಟ್ಟೆನೋವು ಎಂದು ಬಂದವರಿಗೆಲ್ಲಾ ಗರ್ಭಕೋಶ ತೆಗೆದ ಹಗರಣ 2015ರಲ್ಲಿ ರಾಜ್ಯದ ತುಂಬಾ ಸದ್ದು ಮಾಡಿತು. ಬೇರೆ ರಾಜ್ಯಗಳಲ್ಲೂ ಇದೇ ಕಥೆ. ಕೊನೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಎಲ್ಲಾ ರಾಜ್ಯಗಳಿಗೂ ತಾಕೀತು ಮಾಡಬೇಕಾಯಿತು.

ಹೇಗಿದೆ ನೋಡಿ ವಿಚಿತ್ರ! ಬೇಡದವರ ಗರ್ಭಕೋಶಕ್ಕೆ ಕತ್ತರಿ, ಬೇಕಾದವರಿಗೆ ಇಪ್ಪತ್ತು ವರ್ಷ ಲಂಗೋಟಿ. ಒಬ್ಬಳಿಗೆ ಕೇಳುವ ಧೈರ್ಯವಿಲ್ಲ, ಇನ್ನೊಬ್ಬಳಿಗೆ ಹೇಳುವ ಧೈರ್ಯವಿಲ್ಲ. ಎರಡಕ್ಕೂ ಬೇರು ಒಂದೇ, ಹೆಂಗಸಿನ ಈ ಭಾಗದ ಬಗ್ಗೆ ಮನೆಯಲ್ಲಿ ಮಾತಿಲ್ಲದಿರುವುದು.

ಡಾಕ್ಟರ ಮುಂದೆ ಕೂತಾಗ ಈ ನಾಲ್ಕು ಪ್ರಶ್ನೆ ಮರೆಯಬೇಡಿ. ಯಾವ ಅಂಗ ಜಾರಿದೆ, ಎಷ್ಟನೇ ಹಂತ? ವ್ಯಾಯಾಮ, ರಿಂಗಿನಲ್ಲಿ ಆಗುತ್ತದೆಯೇ? ಗರ್ಭಕೋಶ ತೆಗೆಯಲೇಬೇಕೇ, ತೆಗೆದರೆ ತಳ ಬಿಗಿಯುತ್ತೀರಾ? ಮತ್ತೆ ಜಾರುವ ಸಂಭವ ಎಷ್ಟು? ಸರಿಯಾದ ಡಾಕ್ಟರು ಇವಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಇನ್ನೊಬ್ಬರ ಹತ್ತಿರ ಹೋಗಿ.

ಎಲ್ಲಿಗೆ ಹೋಗೋದು, ಕಾಸೆಷ್ಟು?

ಮೊದಲ ಮೆಟ್ಟಿಲು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರು ಕಡೆಯೂ ಇದೆ. ಅಲ್ಲಿ ಆಗದ್ದಕ್ಕೆ ಹಾಸನದ ದೊಡ್ಡಾಸ್ಪತ್ರೆ. 2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ನಾವು 'ಹಿಮ್ಸ್' ಅನ್ನುವುದು, ಶುರುವಾದ ಮೇಲೆ ಇದು ಬೋಧಕ ಆಸ್ಪತ್ರೆ. ಹೆಂಗಸರ ವಿಭಾಗವೇ ಬೇರೆ ಇದೆ. ಮೂರೂ ಪಟ್ಟಣಗಳಿಂದ ಮೂವತ್ತು ನಲವತ್ತು ಕಿಲೋಮೀಟರು ದಾರಿ. ಬಸ್ಸಿಗೆ ಕಾಸಿಲ್ಲ, ಆಧಾರ್ ಕಾರ್ಡು ಸೆರಗಲ್ಲಿ ಇದ್ದರೆ ಸಾಕು.

ಬಿ.ಪಿ.ಎಲ್. ಕಾರ್ಡಿನವರಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಿ, ಅಲ್ಲಿ ಆಗದಿದ್ದರೆ ಪತ್ರ ಬರೆಸಿಕೊಂಡು ಮುಂದಕ್ಕೆ ಹೋಗುವುದು ಕ್ರಮ. ನೇರವಾಗಿ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಿ, ಬಿಲ್ಲು ಬಂದ ಮೇಲೆ ಕಾರ್ಡು ತೋರಿಸಿದರೆ ನಡೆಯುವುದಿಲ್ಲ. ಡೈರಿ ಸಂಘಕ್ಕೆ ಹಾಲು ಹಾಕುವವರು, ಸೊಸೈಟಿ ಸದಸ್ಯರು ಯಶಸ್ವಿನಿಯನ್ನೂ ವಿಚಾರಿಸಿ. 2003ರಲ್ಲಿ ಶುರುವಾಗಿ 2018ರಲ್ಲಿ ನಿಂತಿದ್ದ ಈ ಯೋಜನೆ ಮತ್ತೆ ಜೀವ ಪಡೆದಿದೆ. ವಂತಿಗೆ ಕಟ್ಟುವ ಕೊನೇ ದಿನ ದಾಟಿಸಿಕೊಳ್ಳಬೇಡಿ.

ಆಪರೇಷನ್ ಆದ ಮೇಲೆ ಹಾಲು ಕರೆಯೋರು ಯಾರು?

ಅಸಲಿ ಸಮಸ್ಯೆ ಇಲ್ಲೇ ಇರುವುದು. ಆಸ್ಪತ್ರೆಯಿಂದ ಎರಡು ಮೂರು ದಿನಕ್ಕೆ ಮನೆಗೆ ಕಳಿಸಿದರೂ ಒಳಗಿನ ಹೊಲಿಗೆ ಕೂಡಿಕೊಳ್ಳಲು ಕಡಿಮೆಯೆಂದರೂ ಆರು ವಾರ ಬೇಕು. ಅಷ್ಟು ದಿನ ತುಂಬಿದ ಬಿಂದಿಗೆ ಎತ್ತಬಾರದು, ಹುಲ್ಲಿನ ಹೊರೆ ಹೊರಬಾರದು, ತಿಣುಕಬಾರದು. ಆಮೇಲೂ ಮೂಟೆ ಎತ್ತುವ ಕೆಲಸ ಬಿಡುವುದೇ ಮೇಲು.

"ಗಾಯ ಕಾಣಲ್ಲ, ಆರಾಮಾಗವ್ಳೆ" ಎಂದು ಎಂಟನೇ ದಿನಕ್ಕೇ ಕೊಟ್ಟಿಗೆಗೆ ಅಟ್ಟಿದರೆ ಸರ್ಕಾರದ ದುಡ್ಡೂ ಹಾಳು, ಡಾಕ್ಟರ ಶ್ರಮವೂ ಹಾಳು, ಅವ್ವನ ಮೈಯೂ ಹಾಳು. ಹೊಟ್ಟೆ ಮೇಲೆ ಗಾಯ ಕಾಣದಿರುವುದೇ ಈ ಆಪರೇಷನ್ನಿನ ಗುಣ, ಅದೇ ಅದರ ಅಪಾಯ ಕೂಡ. ಮನೆಯವರಿಗೆ ರೋಗಿಯೇ ಕಾಣಿಸುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಕೆಲವರಿಗೆ ಮತ್ತೆ ಜಾರುತ್ತದೆ. ಅದನ್ನು ಕಡಿಮೆ ಮಾಡುವುದು ಅರ್ಧ ಡಾಕ್ಟರ ಕೈಯಲ್ಲಿ, ಅರ್ಧ ಮನೆಯವರ ಕೈಯಲ್ಲಿ.

ಹಾಗಾಗಿ ದಿನ ಗೊತ್ತುಮಾಡುವ ಮೊದಲೇ ಲೆಕ್ಕ ಹಾಕಿ. ಹಸು ಯಾರು ನೋಡಿಕೊಳ್ಳೋದು, ನೀರು ಯಾರು ಹಿಡಿಯೋದು? ಬಾಣಂತಿಗೆ ಮಾಡುವ ಹಾಗೆ ಅತ್ತೆಗೂ ಒಂದೂವರೆ ತಿಂಗಳ ಆರೈಕೆ ಮಾಡಿ. ಗಂಡುಮಕ್ಕಳು ಹಾಲು ಕರೆದರೆ ಹಸುವೇನೂ ಒದೆಯುವುದಿಲ್ಲ.

ನಮ್ಮೂರಿನವರು ಮಾಡಬೇಕಾದ್ದು

ಕೆ.ಎಸ್.ಆರ್.ಟಿ.ಸಿ.ಯವರಿಗೆ, ಪುರಸಭೆಯವರಿಗೆ ಒಂದು ಮಾತು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಹೆಚ್ಚಾದರು. ಹೆಚ್ಚಬೇಕಾದ್ದು ಶೌಚಾಲಯವೂ ಅಲ್ಲವೇ? ನೀರಿರುವ, ಚಿಲಕ ಇರುವ, ಕಾಸು ಕೇಳದ ಶೌಚಾಲಯ ನಾಲ್ಕೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ಬೇಕು. ಮೂತ್ರ ಹಿಡಿಯಲಾರದವಳಿಗೆ ಅದಿಲ್ಲದ ಬಸ್ ಸ್ಟ್ಯಾಂಡು ಅಂದರೆ ಪ್ರಯಾಣವೇ ಇಲ್ಲ ಎಂದರ್ಥ.

ಅಂಗಡಿಯವರಿಗೆ ಒಂದು ಮಾತು. ವಯಸ್ಸಾದ ಹೆಂಗಸು ಹಿತ್ತಲ ಶೌಚಾಲಯ ಕೇಳಿದರೆ ಇಲ್ಲ ಎನ್ನಬೇಡಿ. ಗಿರಾಕಿಗೆ ಕೂರಲು ಒಂದು ಸ್ಟೂಲು ಹಾಕಿ. ಮೆಡಿಕಲ್ ಸ್ಟೋರಿನವರು "ಕೆಳಗೆ ಉರಿ, ಒಂದು ಮುಲಾಮು ಕೊಡಪ್ಪ" ಎಂದು ತಿಂಗಳಿಗೊಮ್ಮೆ ಬರುವ ಅಜ್ಜಿಗೆ ಟ್ಯೂಬು ಕೊಟ್ಟು ಸುಮ್ಮನಾಗದೆ, "ಲೇಡಿ ಡಾಕ್ಟರಿಗೆ ಒಂದ್ಸಲ ತೋರ್ಸವ್ವ" ಎಂದರೆ ಕಳೆದುಕೊಳ್ಳುವುದೇನೂ ಇಲ್ಲ.

ಆರೋಗ್ಯ ಇಲಾಖೆಯವರು ಕಣ್ಣಿನ ಕ್ಯಾಂಪು ಮಾಡಿದ ಹಾಗೆ ಇದಕ್ಕೂ ಹೋಬಳಿಗೊಂದು ದಿನ ಗೊತ್ತುಮಾಡಲಿ. ಕ್ಯಾಂಪಿಗೆ ಹೆಂಗಸು ಡಾಕ್ಟರೇ ಬರಲಿ. ಆಶಾ ಕಾರ್ಯಕರ್ತೆಯರು ಬಸುರಿ ಬಾಣಂತಿಯರ ಮನೆಗೆ ಹೋಗುತ್ತಾರೆ. ಅದೇ ಮನೆಯ ಜಗುಲಿ ಮೇಲೆ ಕೂತ ಮುದುಕಿಯನ್ನೂ "ಅಜ್ಜಿ, ಕೆಮ್ಮಿದ್ರೆ ತೊಂದ್ರೆ ಆಯ್ತದಾ?" ಎಂದು ಒಂದು ಮಾತು ಕೇಳಲಿ.

ಕಡೆಗೆ ಗಂಡುಮಕ್ಕಳಿಗೆ. ಅವ್ವ ನಿಮಗೆ ಹೇಳುವುದಿಲ್ಲ. ಎಷ್ಟು ಕೇಳಿದರೂ ಹೇಳುವುದಿಲ್ಲ. ನೀವು ಹೆಂಡತಿಗೆ, ಅಕ್ಕತಂಗಿಯರಿಗೆ ಹೇಳಿ ಕೇಳಿಸಿ. ಇವತ್ತು ಈ ಪೇಪರ್ ಬಸ್ಸಿನಲ್ಲೇ ಓದಿ ಮಡಚಿಟ್ಟು ಹೋಗಬೇಡಿ, ಮನೆಗೆ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಕೈಗೆ ಸಿಗುವ ಕಡೆ ಇಡಿ. ಅಕ್ಷರ ಬರುವ ಮೊಮ್ಮಗಳು ಓದಿ ಹೇಳುತ್ತಾಳೆ.